ಚಾಸಿಯ ಮೇಲಿನ ತೇಪೆ

ಕೊರೊನಾ ಕಳೆದ ಮರುವರ್ಷ ನಾನು ಚಾಮರಾಜನಗರದಲ್ಲಿ ಹಿರಿಯ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಜನರ ಬಾಯಲ್ಲಿ ನಮ್ಮ ಹುದ್ದೆಗೆ ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಹೆಸರು. ಲೈಸೆನ್ಸ್ ಕೇಳಿ ಬಂದವರಿಗೆ ಗಾಡಿ ಓಡಿಸಲು ಬರುತ್ತದೆಯೇ ಎಂದು ನೋಡುವುದು, ಬಾಡಿಗೆ ಗಾಡಿಗಳು ರಸ್ತೆಗೆ ಯೋಗ್ಯವಾಗಿವೆಯೇ ಎಂದು ಪರೀಕ್ಷಿಸಿ ಎಫ್‌ಸಿ ಕೊಡುವುದು ನಮ್ಮ ದಿನನಿತ್ಯದ ಕೆಲಸ. ಇದರ ಜೊತೆಗೆ ಪೊಲೀಸರು ಕರೆದಾಗ ಹೋಗಿ, ಅಪಘಾತದ ಅಥವಾ ಅನುಮಾನದ ವಾಹನಗಳನ್ನು ನೋಡಿ ವರದಿ ಬರೆಯಬೇಕು.

ಹಳೆಯ ಗಾಡಿಯನ್ನು ಹೊಸದಾಗಿ ಸಿಂಗರಿಸಿ ತಂದರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಬಣ್ಣದ ಕೆಳಗೆ ಏನೇನು ಅಡಗಿರುತ್ತದೆ ಎಂದು ಕಂಡಿದ್ದೆ. ತುಕ್ಕು ತಿಂದ ನೆಲ, ಬಿರುಕು ಬಿಟ್ಟ ಆಕ್ಸಲ್, ಇನ್ನಾರದೋ ಗಾಡಿಯ ಎಂಜಿನ್. ಶೋಕಿಗಾಗಿ ಹಳೆ ಗಾಡಿ ಕಟ್ಟುವವನು ಒಂದೋ ಕೆಲಸವಿಲ್ಲದ ಶ್ರೀಮಂತ, ಇಲ್ಲವೇ ಕಳ್ಳ ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು. ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಸ್ವಭಾವವೂ ನನ್ನದಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವ ಮನುಷ್ಯ ಎಂದು ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ ಹೇಳುತ್ತಿದ್ದರು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಗುಂಡ್ಲುಪೇಟೆಯಿಂದ ಸಬ್ ಇನ್ಸ್‌ಪೆಕ್ಟರ್ ಫೋನ್ ಮಾಡಿದರು. ಭೀಮನಬೀಡಿನ ಗುರುಮಲ್ಲಪ್ಪ ಎಂಬ ಅರಿಸಿನ, ಬಾಳೆಕಾಯಿ ವ್ಯಾಪಾರಿ ದೂರು ಕೊಟ್ಟಿದ್ದರು. ಅವರ ತೋಟದಲ್ಲಿ ನಿಂತಿದ್ದ ಹಳೆಯ ಪಿಕಪ್ಪನ್ನು ಅವರಲ್ಲಿ ಹಿಂದೆ ಡ್ರೈವರ್ ಆಗಿದ್ದ ಹಂಗಳದ ರಾಚಯ್ಯ ಕದ್ದು ಸಾಗಿಸಿದ್ದಾನೆ, ಈಗ ಬಣ್ಣ ಹೊಡೆದು ತನ್ನದು ಎನ್ನುತ್ತಿದ್ದಾನೆ ಎಂಬುದು ದೂರು. ಗಾಡಿಯನ್ನು ಠಾಣೆಗೆ ತರಿಸಿ ನಿಲ್ಲಿಸಿದ್ದರು. ನಾನು ಹೋಗಿ ನೋಡಿ ವರದಿ ಕೊಡಬೇಕಿತ್ತು.

ಹನ್ನೊಂದು ಗಂಟೆಗೆ ನಾನು ತಲುಪುವಷ್ಟರಲ್ಲಿ ಠಾಣೆಯ ಆವರಣದಲ್ಲಿ ಇಪ್ಪತ್ತು ಜನ ಸೇರಿದ್ದರು. ಗುರುಮಲ್ಲಪ್ಪನವರಿಗೆ ಯಾರೋ ಕುರ್ಚಿ ತಂದು ಹಾಕಿದ್ದರು. ಅರವತ್ತು ದಾಟಿದ, ವಿಭೂತಿ ಧರಿಸಿದ, ಬಿಳಿ ಪಂಚೆಯ ಮನುಷ್ಯ. ರಾಚಯ್ಯ ಬಾನೆಟ್ಟಿನ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದ. ಅವನಿಗೆ ಐವತ್ತೆಂಟು ಇರಬಹುದು. ಒಣಕಲು ದೇಹ, ಉಗುರಿನ ಸಂದಿಯಲ್ಲಿ ಹೋಗದ ಗ್ರೀಸು. ಅವನ ಹಿಂದೆ ಹೆಂಡತಿ ಪುಟ್ಟತಾಯಮ್ಮ ಸೆರಗು ಬಿಗಿದುಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಗಾಡಿ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎಲೆ ಹಸಿರು ಬಣ್ಣ. ಅಗ್ಗದ ಹೊಳಪಿಲ್ಲ, ಎಮರಿ ಪೇಪರಿನಲ್ಲಿ ಹತ್ತು ಸಲವಾದರೂ ಉಜ್ಜಿ ಹೊಡೆದ ಬಣ್ಣ. ಹಿಂದೆ ಸರಕು ಹೇರುವ ಡೆಕ್ಕಿಗೆ ಹಲಸಿನ ಹಲಗೆ ಜೋಡಿಸಿದ್ದ. ಬಾಗಿಲು ತಳ್ಳಿದರೆ ಮೆತ್ತಗೆ ಟಕ್ ಎಂದು ಕೂತುಕೊಳ್ಳುತ್ತಿತ್ತು. ಇಪ್ಪತ್ತೆಂಟು ವರ್ಷದ ಗಾಡಿಯ ಬಾಗಿಲು ಹಾಗೆ ಕೂರುವುದನ್ನು ನಾನು ನೋಡಿರಲಿಲ್ಲ.

"ಎಷ್ಟು ದಿನ ತಗೊಂಡೆ?" ಎಂದು ಕೇಳಿದೆ.

"ನಾಕು ವರ್ಸ ಸಾ. ಭಾನುವಾರ ಭಾನುವಾರ. ಬ್ಯಾರೆ ಶೋಕಿ ಇಲ್ಲ ನಂಗೆ."

"ಭಾನುವಾರ ಮಾಡಿದ ಕೆಲಸ ಸೋಮವಾರ ಜೈಲಿಗೆ ಕಳಿಸುತ್ತದೆ" ಎಂದೆ. ಸುತ್ತ ನಿಂತವರು ನಕ್ಕರು. ನನಗೆ ಅದು ಹಿತವಾಗಿಯೇ ಇತ್ತು.

ಇಷ್ಟೆಲ್ಲ ಮಾಡಿ ಏನು ಮಾಡಬೇಕೆಂದಿದ್ದೆ, ಮಾರುವುದಕ್ಕಾ ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದರು. ರಾಚಯ್ಯ ತಲೆ ಅಲ್ಲಾಡಿಸಿದ.

"ಮಾರಕ್ಕಲ್ಲ ಸಾ. ಒಂದಪ ಪುಟ್ತಾಯಿನ ಮುಂದುಗಡೆ ಸೀಟಲ್ಲಿ ಕೂರುಸ್ಕಂಡು ಭೀಮನಬೀಡ್ ಬೀದೀಲಿ ಓಗ್ಬೇಕು. ಇಪ್ಪತ್ತೆರಡು ವರ್ಸ ಈ ಗಾಡಿ ಓಡ್ಸಿವ್ನಿ. ಅವ್ಳು ಇಂದುಗಡೆ ಬಾಳೆಗೊನೆ ಜೊತೇಲಿ ಕೂತ್ಕಂಡು ಬಂದಿರೋದೇಯ. ಮುಂದುಗಡೆ ಕೂರುಸ್ಕಳಕ್ಕೆ ಅದೇನು ನನ್ ಗಾಡೀನಾ?"

ಈಗಲೂ ನಿನ್ನದಲ್ಲ ಎಂದು ಕುರ್ಚಿಯ ಕಡೆಯಿಂದ ಮಾತು ಬಂತು. ನಾನು ಪರೀಕ್ಷೆ ಶುರು ಮಾಡಿದೆ.

ಗಾಡಿಯ ಬೆನ್ನೆಲುಬು ಎಂದರೆ ಚಾಸಿ. ಎಂಜಿನ್, ಬಾಡಿ, ಚಕ್ರ ಎಲ್ಲ ನಿಲ್ಲುವುದು ಅದರ ಎರಡು ಉದ್ದನೆಯ ಕಬ್ಬಿಣದ ತೊಲೆಗಳ ಮೇಲೆ. ಗಾಡಿ ತಯಾರಾಗುವಾಗಲೇ ತೊಲೆಯ ಮೇಲೆ ಒಂದು ನಂಬರನ್ನು ಗುದ್ದಿ ಅಚ್ಚೊತ್ತಿರುತ್ತಾರೆ. ಹೊರಗಿನ ನಂಬರ್ ಪ್ಲೇಟನ್ನು ಯಾರು ಬೇಕಾದರೂ ಬದಲಾಯಿಸಬಹುದು, ಗಾಡಿಯ ನಿಜವಾದ ಗುರುತು ಈ ಚಾಸಿ ನಂಬರ್. ಈ ಮಾದರಿಯಲ್ಲಿ ಅದು ಬಲಗಡೆಯ ತೊಲೆಯ ಮೇಲೆ, ಮುಂದಿನ ಚಕ್ರದ ಹಿಂಬದಿಗೆ ಇರಬೇಕು. ನಾನು ಗೋಣಿಚೀಲ ಹಾಸಿ ಕೆಳಗೆ ತೂರಿ, ಟಾರ್ಚ್ ಹಿಡಿದು ಬೆರಳಾಡಿಸಿದೆ. ಅಲ್ಲಿ ನಂಬರ್ ಇರಲಿಲ್ಲ. ಚಾಕುವಿನಿಂದ ಬಣ್ಣ ಕೆರೆದಾಗ ಅಂಗೈಯಗಲದ ಒಂದು ತಗಡು, ಅದರ ನಾಲ್ಕೂ ಅಂಚಿಗೆ ಬೆಸುಗೆಯ ಗೆರೆ ಕಂಡವು. ನಂಬರ್ ಇರಬೇಕಾದ ಜಾಗಕ್ಕೆ ಸರಿಯಾಗಿ ತೇಪೆ ಹಾಕಿತ್ತು.

ನನ್ನ ಎದೆ ಹಿಗ್ಗಿತು. ಎದ್ದು ಮೈ ಕೊಡವಿಕೊಂಡು ಎಲ್ಲರಿಗೂ ಕೇಳುವ ಹಾಗೆ, "ನಂಬರ್ ಕಿತ್ತು ತೇಪೆ ಹಾಕಿದ್ದಾನೆ. ಇದು ಪಕ್ಕಾ ಕಳ್ಳನ ಕೈಕೆಲಸ" ಎಂದೆ.

ರಾಚಯ್ಯ ಬಾನೆಟ್ಟಿನ ಮೇಲಿಂದ ಕೈ ತೆಗೆದ. "ಅಲ್ಲಿ ತೂತಿತ್ತು ಸಾ. ಗಾಡಿ ನನ್ ಕೈಗೆ ಬಂದಾಗ್ಲೇ ತೂತಿತ್ತು. ಅಂಗೇ ಓಡ್ಸುದ್ರೆ ಚಾಸಿ ಮುರ್ದೋಯ್ತದೆ ಅಂತ ಪ್ಲೇಟ್ ಆಕ್ದೆ."

"ನಿನ್ನ ಕೈಗೆ ಹೇಗೆ ಬಂತು ಗಾಡಿ?"

"ಸಾವ್ಕಾರ್ರೇ ಕೊಟ್ರು. ಗುಜರಿಯೋನು ಬರ್ನಿಲ್ಲ, ನೀನೇ ಎತ್ತಾಕಂಡು ಓಗ್ಲಾ ಅಂದ್ರು."

ಗುರುಮಲ್ಲಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಯಾವತ್ಲಾ ಅಂದೆ ನಾನು? ಚೀಟಿ ಅದಾ? ಸಾಕ್ಷಿ ಅದಾ? ಇಷ್ಟು ವರ್ಸ ಅನ್ನ ಆಕಿವ್ನಿ ಸಾ ಇವ್ನಿಗೆ. ಈಗ ಊರೋರೆಲ್ಲ ರಾಚಯ್ಯನ ಗಾಡಿ, ರಾಚಯ್ಯನ ಗಾಡಿ ಅಂತವ್ರೆ. ಕೇಳ್ಕಂಡು ಸುಮ್ಕಿರ್ಬೇಕಾ ನಾನು?"

ಇಡೀ ಜಗಳ ಆ ಕೊನೆಯ ಮಾತಿನಲ್ಲಿತ್ತು. ಗಾಡಿ ಹೋಗಿದ್ದಕ್ಕಿಂತ ಅದಕ್ಕೆ ಬಂದ ಹೆಸರು ಅವರಿಗೆ ಚುಚ್ಚುತ್ತಿತ್ತು. ನನ್ನ ಕಿವಿಗೆ ಅದು ಬಿತ್ತು, ತಲೆಗೆ ಹೋಗಲಿಲ್ಲ.

ರಾಚಯ್ಯ ನನ್ನ ಕಡೆ ತಿರುಗಿದ. "ಬೆಸುಗೆ ಆಕ್ದೋನು ನಾನೇ ಸಾ, ಇಲ್ಲ ಅನ್ನಲ್ಲ. ಕುಯ್ದೋರು ಯಾರು ಅಂತಾನೂ ಒಂದ್ ಮಾತು ಕೇಳಿ."

"ನನ್ನ ಕೆಲಸ ನನಗೆ ಹೇಳಿಕೊಡಬೇಡ" ಎಂದು ಗದರಿದೆ.

ಗಾಡಿ ಓಡಿಸಿ ಬ್ರೇಕು, ಸ್ಟೇರಿಂಗುಗಳ ಸ್ಥಿತಿಯನ್ನೂ ವರದಿಯಲ್ಲಿ ಬರೆಯುವುದು ನನ್ನ ರೂಢಿ. ಊಟಿ ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋದೆ. ನಲವತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ ನೆಟ್ಟಗೆ ನಿಂತಿತು. ದಿಣ್ಣೆಯಲ್ಲಿ ಹ್ಯಾಂಡ್‌ಬ್ರೇಕ್ ಹಾಕಿದೆ, ಒಂದಿಂಚೂ ಜಾರಲಿಲ್ಲ. ಹಾರ್ನ್, ವೈಪರ್, ಲೈಟುಗಳು ಒಂದಾದ ಮೇಲೊಂದು ಕೆಲಸ ಮಾಡಿದವು. ತಪ್ಪು ಹುಡುಕಲೆಂದೇ ಹೋದವನಿಗೆ ಒಂದೂ ಸಿಗದೆ ಮೈಯೆಲ್ಲ ಉರಿಯಿತು. ಕಳ್ಳನಿಗೆ ಇಷ್ಟು ಒಳ್ಳೆಯ ಕೈ ಯಾಕೆ ಕೊಟ್ಟ ದೇವರು ಎಂದು ಬೈದುಕೊಳ್ಳುತ್ತಲೇ ಹಿಂತಿರುಗಿದೆ. ಠಾಣೆಯವರು ರಾಚಯ್ಯನಿಂದ ಸಹಿ ಹಾಕಿಸಿಕೊಂಡು, ಕರೆದಾಗ ಬರಬೇಕೆಂದು ಹೇಳಿ ಮನೆಗೆ ಕಳಿಸಿದರು. ಗಾಡಿ ಅಲ್ಲೇ ಉಳಿಯಿತು.

ಎರಡು ದಿನ ಬಿಟ್ಟು ವರದಿ ಬರೆಯಲು ಕೂತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಪೆನ್ನು ನಿಂತುಹೋಯಿತು. ಕದ್ದ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಕಳ್ಳ ಹಳೆಯ ನಂಬರನ್ನು ಉಜ್ಜಿ ಅಳಿಸುತ್ತಾನೆ, ಅದರ ಮೇಲೆ ಬೇರೆ ನಂಬರ್ ಗುದ್ದುತ್ತಾನೆ. ಅವನಿಗೆ ಬೇಕಾಗುವುದು ಸುಳ್ಳು ನಂಬರು. ಇಲ್ಲಿ ಸುಳ್ಳು ನಂಬರೂ ಇರಲಿಲ್ಲ, ಬರೀ ತಗಡಿತ್ತು. ಖಾಲಿ ತಗಡು ಹಾಕಿ ಸಿಕ್ಕಿಬೀಳುವ ಕಳ್ಳ ಯಾವನು? ಇನ್ನೊಂದು ವಿಷಯವೂ ಕಾಡಿತು. ಗುರುಮಲ್ಲಪ್ಪ ದೂರಿನ ಜೊತೆ ಕೊಟ್ಟಿದ್ದು ಆರ್‌ಸಿಯ ಜೆರಾಕ್ಸ್. ಮೂಲ ಪುಸ್ತಕವನ್ನು ಗೆದ್ದಲು ತಿಂದುಬಿಟ್ಟಿತು ಎಂದಿದ್ದರು. ಜೆರಾಕ್ಸ್ ಒಂದನ್ನು ಮಾತ್ರ ಬಿಟ್ಟ ಆ ಗೆದ್ದಲಿನ ಬುದ್ಧಿ ನನಗೆ ಅರ್ಥವಾಗಲಿಲ್ಲ.

ಅಷ್ಟು ಹಳೆಯ ಗಾಡಿಯ ವಿವರ ಕಂಪ್ಯೂಟರಿನಲ್ಲಿ ಇರಲಿಲ್ಲ. ನಾನೇ ರೆಕಾರ್ಡ್ ರೂಮಿಗೆ ಹೋಗಿ ಕೂತೆ. ಎರಡು ಮಧ್ಯಾಹ್ನ ಧೂಳು ಕುಡಿದ ಮೇಲೆ ಕಡತ ಸಿಕ್ಕಿತು. ಗೆದ್ದಲು ತಿಂದಿದ್ದ ಮೂಲ ಆರ್‌ಸಿ ಅದರೊಳಗೆ ಗಟ್ಟಿಮುಟ್ಟಾಗಿತ್ತು, ಮೇಲೆ ರದ್ದಾಗಿದೆ ಎಂಬ ಮೊಹರು. ಆರು ವರ್ಷದ ಹಿಂದೆ ಗುರುಮಲ್ಲಪ್ಪ ತಮ್ಮ ಕೈಯಾರೆ ಬರೆದ ಅರ್ಜಿಯೂ ಇತ್ತು. ವಾಹನವು ಉಪಯೋಗಕ್ಕೆ ಬಾರದ ಕಾರಣ ಒಡೆದಿರುತ್ತೇನೆ, ಉಳಿದ ಭಾಗ ಗುಜರಿಗೆ ಕೊಟ್ಟಿರುತ್ತೇನೆ, ನೋಂದಣಿ ರದ್ದು ಮಾಡಿಕೊಡಬೇಕು. ಕಡತಕ್ಕೆ ಸೆಣಬಿನ ದಾರದಲ್ಲಿ ಕಟ್ಟಿದ್ದ ಬಟ್ಟೆಯ ಗಂಟಿನೊಳಗೆ ಒಂದು ಕಬ್ಬಿಣದ ತುಂಡು.

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಗಾಡಿ ನಿಂತಿದ್ದರೂ ನೋಂದಣಿ ಇರುವವರೆಗೆ ಮಾಲೀಕನ ಹೊಣೆ ತಪ್ಪುವುದಿಲ್ಲ, ತೆರಿಗೆಯ ನೋಟಿಸೂ ತಪ್ಪುವುದಿಲ್ಲ. ಅದಕ್ಕಾಗಿ ಗುಜರಿಗೆ ಹಾಕುವವರು ನೋಂದಣಿ ರದ್ದು ಮಾಡಿಸುತ್ತಾರೆ. ಗಾಡಿ ನಿಜವಾಗಿ ಒಡೆದಿದೆ ಎನ್ನುವುದಕ್ಕೆ ಚಾಸಿ ನಂಬರ್ ಇರುವ ಭಾಗವನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ತಂದು ಒಪ್ಪಿಸುವುದು ಪದ್ಧತಿ. ಗುರುಮಲ್ಲಪ್ಪ ಅದನ್ನೇ ಮಾಡಿದ್ದರು. ಅಷ್ಟು ಭಾಗ ಕತ್ತರಿಸಿ ಕೊಟ್ಟು, ಉಳಿದ ಗಾಡಿಯನ್ನು ಎತ್ತಾಕಂಡು ಓಗು ಎಂದಿದ್ದರು. ರಾಚಯ್ಯನಿಗೆ ಕಂಡಿದ್ದು ಒಂದು ತೂತು. ಅಚ್ಚುಕಟ್ಟು ಕೆಲಸಗಾರ ತೂತು ಕಂಡರೆ ಏನು ಮಾಡುತ್ತಾನೋ ಅದನ್ನು ಅವನು ಮಾಡಿದ್ದ.

ಆ ತುಂಡು ಹಿಡಿದುಕೊಂಡು ಮಾರನೆಯ ದಿನ ಹಂಗಳಕ್ಕೆ ಹೋದೆ. ಪುಟ್ಟತಾಯಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ. ಬಿಸಿಲಿಗೆ ಗಂಟಲು ಒಣಗಿತ್ತು, ನೀರು ಕೇಳಿದೆ.

"ಕಳ್ಳರ ಮನೆ ಕಣ್ ಸಾ ಇದು. ನೀರು ಕುಡ್ದೀರಾ?" ಎಂದಳು.

ನಾನು ಮತ್ತೆ ಕೇಳಲಿಲ್ಲ. ಅವಳೂ ಕೊಡಲಿಲ್ಲ.

ಮನೆಯ ಹಿಂದೆ ತಗಡಿನ ಶೆಡ್ಡು. ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿಗೂ ಅದರ ಆಕಾರದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಮೊಳೆ ಹೊಡೆದಿದ್ದ. ಗಾಡಿ ನಿಲ್ಲುತ್ತಿದ್ದ ಜಾಗ ಖಾಲಿಯಾಗಿ, ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಇತ್ತು. ತೂತಿಗೆ ತಗಡು ಕತ್ತರಿಸುವಾಗ ಅಳತೆ ಹೇಗೆ ತೆಗೆದುಕೊಂಡೆ ಎಂದು ರಾಚಯ್ಯನನ್ನು ಕೇಳಿದೆ. ಅವನು ಅಟ್ಟದ ಮೇಲಿಂದ ಒಂದು ರಟ್ಟಿನ ತುಂಡು ತೆಗೆದುಕೊಟ್ಟ. ತೂತಿನ ಮೇಲೆ ರಟ್ಟು ಒತ್ತಿ, ಗುರುತು ಬಿದ್ದ ಕಡೆ ಕತ್ತರಿಸಿ, ಅದೇ ಅಳತೆಗೆ ತಗಡು ಮಾಡಿದ್ದ. ನಾನು ಗಂಟು ಬಿಚ್ಚಿ ಕಬ್ಬಿಣದ ತುಂಡನ್ನು ರಟ್ಟಿನ ಮೇಲಿಟ್ಟೆ. ನಾಲ್ಕೂ ಅಂಚು ಕೂತವು. ಕಟರ್ ಹಿಡಿದವನ ಕೈ ಜಾರಿ ಒಂದು ಮೂಲೆಯಲ್ಲಿ ಬಿದ್ದಿದ್ದ ಸೊಟ್ಟ ಕಚ್ಚು ಕೂಡ ರಟ್ಟಿನಲ್ಲಿ ಹಾಗೆಯೇ ಇತ್ತು.

ರಾಚಯ್ಯ ತುಂಡನ್ನು ಎತ್ತಿಕೊಂಡು ನಂಬರಿನ ಮೇಲೆ ಹೆಬ್ಬೆರಳು ಸವರಿದ. "ಇದ್ನ ನೋಡ್ದೇನೇ ಏಳ್ತಿನಿ ಸಾ. ಗಾಡಿ ತೊಳ್ಯುವಾಗೆಲ್ಲ ಒರೆಸ್ತಿದ್ದೆ" ಎಂದು ಕಣ್ಣು ಮುಚ್ಚಿ ಅಂಕಿಗಳನ್ನು ಒಂದೊಂದಾಗಿ ಹೇಳಿದ. ಒಂದೂ ತಪ್ಪಲಿಲ್ಲ.

ನನಗೆ ನಾಚಿಕೆಯಾಯಿತು. "ನೀನು ಕದ್ದಿಲ್ಲ ಕಣಯ್ಯ, ಗೊತ್ತಾಯಿತು ನನಗೆ" ಎಂದೆ.

"ಇಲ್ಲೇಳ್ಬ್ಯಾಡಿ ಸಾ. ಕಳ್ಳ ಅಂದ ಜಾಗ್ದಲ್ಲೇ ಏಳಿ" ಎಂದ.

ಆ ಮಾತಿಗೆ ಒಂದು ಕ್ಷಣ ಮತ್ತೆ ಕೋಪ ಬಂತು. ಮೂವತ್ತೊಂದು ವರ್ಷ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಜೀಪು ಚಾಮರಾಜನಗರ ತಲುಪುವವರೆಗೂ ಗೊಣಗಿದೆ. ಅವನು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಹುಡುಕಿದೆ, ಸಿಗಲಿಲ್ಲ.

ಮರುವಾರದ ಶನಿವಾರ ಎಲ್ಲರನ್ನೂ ಠಾಣೆಗೆ ಕರೆಸಿದರು. ನಾನು ಅರ್ಜಿಯನ್ನು ಗುರುಮಲ್ಲಪ್ಪನವರ ಮುಂದಿಟ್ಟು, ಸಹಿ ನಿಮ್ಮದೇ ಅಲ್ಲವೇ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ನಂದೇಯ. ವಯಸ್ಸಾಯ್ತು ನೋಡಿ ಸಾ, ಮರ್ತ್ಬುಟ್ಟಿದ್ದೆ" ಎಂದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಸುಳ್ಳು ದೂರಿನ ಪರಿಣಾಮವನ್ನು ಸಬ್ ಇನ್ಸ್‌ಪೆಕ್ಟರ್ ಗಟ್ಟಿಯಾಗಿಯೇ ತಿಳಿಸಿದ ಮೇಲೆ ದೂರು ವಾಪಸ್ ಪಡೆಯುತ್ತೇನೆಂದು ಬರೆದುಕೊಟ್ಟರು. ಹೋಗುವಾಗ ರಾಚಯ್ಯನ ಮುಂದೆ ನಿಂತು, "ಏನೇ ಅನ್ನು, ಅದು ನನ್ ಗಾಡೀನೇ ಕಣ್ಲಾ" ಎಂದರು.

"ನಿಮ್ ಗಾಡಿ ಸತ್ತೋಗದೆ ಸಾವ್ಕಾರ್ರೆ. ನೀವೇ ಬರ್ಕೊಟ್ಟಿದ್ದೀರಿ" ಎಂದ ರಾಚಯ್ಯ. ಗುರುಮಲ್ಲಪ್ಪನವರ ಮುಖ ಆಗ ಕೆಂಪಾಯಿತು.

ಆಮೇಲೆ ನನ್ನ ಸರದಿ. ಮೊದಲ ದಿನ ಇದ್ದಷ್ಟು ಜನ ಇರಲಿಲ್ಲ, ಎಂಟು ಹತ್ತು ಮಂದಿ ಇದ್ದರು. ನಾನು ಗಂಟಲು ಸರಿಮಾಡಿಕೊಂಡು, "ರಾಚಯ್ಯ ಕಳ್ಳನಲ್ಲ. ನಾನು ಆಡಿದ ಮಾತು ತಪ್ಪು" ಎಂದೆ.

"ಇನ್ನೊಂದಪ ಏಳಿ ಸಾ. ಅಲ್ಲಿ ಗೇಟ್ ತಾವ ನಿಂತಿರೋರ್ಗೆ ಕೇಳ್ನಿಲ್ಲ" ಎಂದಳು ಪುಟ್ಟತಾಯಮ್ಮ.

ಇನ್ನೊಂದು ಸಲ, ಗೇಟಿನವರೆಗೂ ಕೇಳುವ ಹಾಗೆ ಹೇಳಿದೆ. ರಾಚಯ್ಯ ತಲೆಯಾಡಿಸಿದ, ಥ್ಯಾಂಕ್ಸ್ ಎನ್ನಲಿಲ್ಲ. ಗಾಡಿಯ ಬೀಗದ ಕೈಗೆ ಕೈಚಾಚಿದ.

ಕೆಟ್ಟ ಸುದ್ದಿ ಇನ್ನೂ ನನ್ನ ಬಾಯಲ್ಲೇ ಇತ್ತು. ನೋಂದಣಿ ರದ್ದಾದ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ. ಚಾಸಿ ನಂಬರನ್ನೇ ಕತ್ತರಿಸಿ ಒಪ್ಪಿಸಿದ ಗಾಡಿಗೆ ಮತ್ತೆ ನೋಂದಣಿಯೂ ಇಲ್ಲ. ಗಾಡಿ ನಿನ್ನದೇ, ಮನೆಗೆ ಒಯ್ಯಬಹುದು, ಆದರೆ ಓಡಿಸುವಂತಿಲ್ಲ ಎಂದೆ.

"ಬ್ರೇಕ್ ಸರಿ ಇಲ್ವಾ ಸಾ?" ಎಂದು ಕೇಳಿದ.

"ಸರಿಯಿದೆ."

"ಸ್ಟೇರಿಂಗು?"

"ಅದೂ ಸರಿಯಿದೆ. ನಂಬರ್ ಇಲ್ಲ."

"ನಂಬರ್ ನಿಮ್ ಕೈಲೇ ಅದಲ್ಲ ಸಾ."

ಹೌದು, ಆ ತುಂಡು ನನ್ನ ಕೈಯಲ್ಲೇ ಇತ್ತು. ಅದನ್ನು ಮತ್ತೆ ಬೆಸೆದರೆ ಅದೇ ಅಪರಾಧವಾಗುತ್ತದೆ ಎಂದು ಹೇಳಬೇಕಾಯಿತು. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಯಿತು. ಮೂರು ಪುಟದ ವರದಿಯಲ್ಲಿ ಬ್ರೇಕು ಉತ್ತಮ, ಸ್ಟೇರಿಂಗ್ ಉತ್ತಮ, ದೀಪಗಳು ಉತ್ತಮ ಎಂದು ಬರೆದು, ಕೊನೆಯಲ್ಲಿ ರಸ್ತೆಗೆ ಅರ್ಹವಲ್ಲ ಎಂದು ಬರೆದಿದ್ದೆ. ನನ್ನ ಸರ್ವಿಸಿನಲ್ಲಿ ಅಂಥ ವರದಿ ಅದೊಂದೇ.

ಚಕ್ರ ರಸ್ತೆಗೆ ತಾಗುವಂತಿಲ್ಲ ಎಂದಮೇಲೆ ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು. ರಾಚಯ್ಯ ಪೇಟೆಗೆ ಹೋಗಿ ಬಾಡಿಗೆಗೆ ಒಂದು ಲಾರಿ ಹಿಡಿದು ತಂದ. ಹಲಗೆ ಇಟ್ಟು, ಹಗ್ಗ ಹಾಕಿ, ಆರು ಜನ ಸೇರಿ ಪಿಕಪ್ಪನ್ನು ಮೇಲೇರಿಸಿದರು. ಚಕ್ರಗಳಿಗೆ ಕಲ್ಲು ಕೊಟ್ಟು ಬಿಗಿದಾದ ಮೇಲೆ ಪುಟ್ಟತಾಯಮ್ಮ ಸೀರೆ ಎತ್ತಿಕಟ್ಟಿ ಲಾರಿಯ ಮೇಲೆ ಹತ್ತಿದಳು. ಹಸಿರು ಬಾಗಿಲು ತೆಗೆದು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತಳು. ರಾಚಯ್ಯ ಆ ಕಡೆಯಿಂದ ಹತ್ತಿ ಸ್ಟೇರಿಂಗಿನ ಮುಂದೆ ಕೂರಲು ಹೊರಟ.

ಹೇರಿದ ಸರಕಿನಲ್ಲಿ ಮನುಷ್ಯರು ಕೂತು ಹೋಗುವಂತಿಲ್ಲ. ಇಳಿಯಿರಿ ಎಂದು ಕೂಗಲು ನಾನು ಮುಂದೆ ಹೋದೆ. ರಾಚಯ್ಯ ಹತ್ತುವುದನ್ನು ನಿಲ್ಲಿಸಿ ಲಾರಿಯ ಹಿಂದಿನ ಟೈರನ್ನು ಕಾಲಿನಿಂದ ಒದ್ದ. ಬೋಳಿಸಿದ ತಲೆಯ ಹಾಗೆ ನುಣ್ಣಗಿದ್ದ ಟೈರು. ಬ್ರೇಕ್ ಲೈಟಿನ ಜಾಗದಲ್ಲಿ ಎರಡೂ ಕಡೆ ವೈರು ಮಾತ್ರ ನೇತಾಡುತ್ತಿತ್ತು.

"ಸಾ, ಇದ್ಕೆ ಎಫ್‌ಸಿ ಅದಾ ಒಸಿ ನೋಡಿ" ಎಂದ.

ಲಾರಿ ಡ್ರೈವರ್ ಗರ್ವದಿಂದಲೇ ಕಾಗದ ತಂದುಕೊಟ್ಟ. ಎಫ್‌ಸಿ ಇತ್ತು, ಕೊಟ್ಟು ಎರಡು ತಿಂಗಳಾಗಿತ್ತು. ಕೆಳಗೆ ಇದ್ದ ಸಹಿ ನನ್ನದು. ಆ ಲಾರಿಯನ್ನು ನಾನು ಓಡಿಸಿ ನೋಡಿದ್ದು ನೆನಪಿಗೆ ಬರಲಿಲ್ಲ, ಯಾಕೆಂದರೆ ನೋಡಿರಲಿಲ್ಲ. ಸಾಲಿನಲ್ಲಿ ನಿಂತಿದ್ದ ಹತ್ತು ಗಾಡಿಗಳ ಜೊತೆ ಅದಕ್ಕೂ ಸಹಿ ಹಾಕಿದ್ದೆ. ಕಾಗದ ಮಡಚಿ ವಾಪಸ್ ಕೊಟ್ಟೆ. ಬಾಯಿಗೆ ಬಂದಿದ್ದ ಕಾನೂನು ಬಾಯಲ್ಲೇ ಉಳಿಯಿತು.

ರಾಚಯ್ಯ ಹತ್ತಿ ಕೂತು ಬಾಗಿಲು ಹಾಕಿಕೊಂಡ. ಕಿಟಕಿಯಿಂದ ಬಗ್ಗಿ, "ಅಣ್ಣೋ, ಭೀಮನಬೀಡ್ ಮ್ಯಾಲೇ ಓಗನ. ನಿಧಾನಕ್ ಓಡ್ಸು, ಬ್ರೇಕಿಲ್ಲ ನಿಂಗೆ" ಎಂದು ಲಾರಿ ಡ್ರೈವರಿಗೆ ಕೂಗಿ ಹೇಳಿದ. ಪುಟ್ಟತಾಯಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲಿನ ಹದಿಮೂರು ತಿಂಗಳು ಓಡಿಸಿ ನೋಡದೆ ಒಂದು ಗಾಡಿಗೂ ನಾನು ಸಹಿ ಹಾಕಲಿಲ್ಲ. ಕಚೇರಿಯ ಮುಂದೆ ಸಾಲು ಬೆಳೆಯಿತು, ಜನ ಬೈದರು. ಕೆಲಸ ನನಗೆ ಕಲಿಸಿದ ಪಾಠ ಇಷ್ಟೇ, ಅದನ್ನು ಕಲಿಯಲು ಮೂವತ್ತೊಂದು ವರ್ಷ ಹಿಡಿಯಿತು. ಅದರಿಂದ ರಾಚಯ್ಯನಿಗೆ ಆದದ್ದು ಏನೂ ಇಲ್ಲ.